ಹದಿನೈದನೇ ಬೈಟಿನಿಂದ ಶುರುವಾದ ಸಂಖ್ಯೆ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು ಬೇಕು. ‘ಕೊಪ್ಪ’ ಅಂದರೆ ಕ, ಒತ್ವ, ಪ, ಹಲಂತ, ಮತ್ತೆ ಪ: ಒಟ್ಟು 15 ಬೈಟು. ಶೃಂಗೇರಿಗೆ 21. ನರಸಿಂಹರಾಜಪುರಕ್ಕೆ 36. ಮೂರರಲ್ಲಿ ನಾಲ್ಕರಿಂದ ಭಾಗವಾಗುವುದು ನರಸಿಂಹರಾಜಪುರದ್ದೊಂದೇ. ಹಳೆಯ ಆರ್ಮ್ ಚಿಪ್ಪಿಗೆ ಈ ವ್ಯತ್ಯಾಸ ಬಹಳ ದೊಡ್ಡದು: 4 ಬೈಟಿನ ಸಂಖ್ಯೆಯನ್ನು ಅದು ನಾಲ್ಕರಿಂದ ಭಾಗವಾಗುವ ವಿಳಾಸದಿಂದ ಮಾತ್ರ ಸರಿಯಾಗಿ ಓದುತ್ತದೆ.

ಊರಿನ ಹೆಸರು, ಅದರ ಬೆನ್ನಿಗೇ ಅಡಿಕೆಯ ತೂಕ, ನಡುವೆ ಜಾಗ ಬಿಡದೆ ಒಂದು ದಾಖಲೆ ಮಾಡಿದೆವು ಅನ್ನಿ. ಕೊಪ್ಪ, 40 ಕಿಲೋ. ಸೊನ್ನೆಯಿಂದ ಎಣಿಸಿದರೆ ತೂಕದ 4 ಬೈಟು ಶುರುವಾಗುವುದು 15ನೇ ವಿಳಾಸದಲ್ಲಿ. ಪಿಸಿಗಳ ಇಂಟೆಲ್ ಚಿಪ್ಪು ಅದನ್ನು ಸರಿಯಾಗಿಯೇ ಓದುತ್ತದೆ. ಸ್ಟ್ರಾಂಗ್‌ಆರ್ಮ್ ಎಂಬ ಹಳೆಯ ಆರ್ಮ್ ಚಿಪ್ಪು ಹಾಗಲ್ಲ. ಅದು 12ರಿಂದ 15ರವರೆಗಿನ ಬೈಟುಗಳನ್ನು ಎತ್ತಿ, ತಿರುಗಿಸಿ ಕೊಡುತ್ತದೆ. ತೂಕದ ಒಂದು ಬೈಟಿಗೆ ಕೊನೆಯ ‘ಪ’ದ ಮೂರು ಬೈಟು ಅಂಟಿಕೊಂಡು, 40 ಕಿಲೋ ಹೋಗಿ 286 ಕೋಟಿ 38 ಲಕ್ಷ 49 ಸಾವಿರದ 512 ಆಗುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ದೂರುವುದೂ ಇಲ್ಲ.

ಈ ಚಿಪ್ಪು ನಮಗೆ ಹೊರಗಿನದೇನಲ್ಲ. ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನವರೂ ಸೇರಿ 2001ರಲ್ಲಿ ಹೊರತಂದ ಸಿಂಪ್ಯೂಟರ್ ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಎಸ್‌ಎ-1110, ಮೇಲೆ ಲಿನಕ್ಸ್. ಅಕ್ಷರ ಬಾರದವರ ಕೈಗೂ ಕಂಪ್ಯೂಟರ್ ಸಿಗಲಿ ಎಂದು ಕಟ್ಟಿದ ಯಂತ್ರ ಅದು. ಅಂಥ ಯಂತ್ರದ ಸಂಖ್ಯೆಯನ್ನು ಬಳಸುವವರು ಪ್ರಶ್ನಿಸುವುದಿಲ್ಲ, ನಂಬುತ್ತಾರೆ.

ಲಿನಕ್ಸ್ ಇಲ್ಲಿ ಮಾಡುವ ಕೆಲಸ ನನಗೆ ಅಚ್ಚುಮೆಚ್ಚು. ವಿಳಾಸ ಸರಿಯಿಲ್ಲದಾಗ ಚಿಪ್ಪು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಕೂಗು ಹಾಕುವಂತೆ ಒಂದು ಬಿಟ್ ಏರಿಸಿಡುತ್ತಾರೆ. ಕೂಗು ಬಂದೊಡನೆ ಕರ್ನಲ್ ಎಡವಿದ ಆದೇಶವನ್ನೇ ಬಿಡಿಸಿ ಓದುತ್ತದೆ: ಯಾವ ರಿಜಿಸ್ಟರ್, ಎಷ್ಟು ಬೈಟು, ಓದುವುದೋ ಬರೆಯುವುದೋ. ಒಂದೊಂದೇ ಬೈಟು ತಂದು ಜೋಡಿಸಿ, ರಿಜಿಸ್ಟರಿಗೆ ತುಂಬಿ, ಮುಂದಿನ ಆದೇಶಕ್ಕೆ ದಾಟಿಸುತ್ತದೆ. ಚಿಪ್ಪಿನ ಕೆಲಸವನ್ನು ಕೋಡ್ ಮಾಡಿ ಮುಗಿಸುವ ಈ ಪುಟಗಳನ್ನು ನಾನು ಮತ್ತೆ ಮತ್ತೆ ಓದುತ್ತೇನೆ.

ಆದರೆ ಆಗಿನ ಕರ್ನಲ್ ಈ ಉಪಕಾರವನ್ನು ತನಗೆ ಮಾತ್ರ ಖಂಡಿತ ಮಾಡಿಕೊಳ್ಳುತ್ತಿತ್ತು. ಬಳಕೆದಾರರ ಪ್ರೋಗ್ರಾಂ ಎಡವಿದರೆ, ಯಾರೂ ಬೇರೆ ಹೇಳದಿದ್ದಲ್ಲಿ, ಲೆಕ್ಕಕ್ಕೆ ಬರೆದುಕೊಂಡು ತಿರುಚಿದ ಸಂಖ್ಯೆಯನ್ನೇ ಕೊಟ್ಟುಬಿಡುತ್ತಿತ್ತು. ಇದನ್ನು ನಾನು ಒಪ್ಪಲಾರೆ. ಸುಳ್ಳು ಸಂಖ್ಯೆ ಕೊಡುವುದಕ್ಕಿಂತ ಪ್ರೋಗ್ರಾಮನ್ನು ನಿಲ್ಲಿಸುವುದೇ ಮೇಲು.

ರಿಪೇರಿಗಿಂತ ಮುಂಜಾಗ್ರತೆ ಅಗ್ಗವೂ ಹೌದು. ಈಥರ್ನೆಟ್ ತಲೆಬರಹ 14 ಬೈಟು. ಅದಕ್ಕೇ ನೆಟ್‌ವರ್ಕ್ ಡ್ರೈವರ್‌ಗಳು ಮುಂದೆ 2 ಬೈಟು ಖಾಲಿ ಬಿಟ್ಟು, ಐಪಿ ಭಾಗ ನಾಲ್ಕರಿಂದ ಭಾಗವಾಗುವ 16ರಲ್ಲಿ ಕೂರುವಂತೆ ಮಾಡುತ್ತವೆ. ಹಾಗೆ ಆಗದ ಕಡೆ ‘ಗೆಟ್_ಅನ್‌ಅಲೈನ್ಡ್’ ಎಂದು ಕೋಡಿನಲ್ಲೇ ಬಾಯಿಬಿಟ್ಟು ಹೇಳಬೇಕು. ಹಳೆಯ ಆರ್ಮ್ ಬೋರ್ಡ್ ಹಿಡಿದು ಕೂತವರು /ಪ್ರೊಕ್/ಸಿಪಿಯು/ಅಲೈನ್‌ಮೆಂಟ್ ಕಡತಕ್ಕೆ 5 ಬರೆದು ನೋಡಿ: ಎಡವಿದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಎಡವಿದ ವಿಳಾಸ ಲಾಗಿನಲ್ಲಿ ಸಿಗುತ್ತದೆ.