ಮೂಟೆ ಬಿಚ್ಚಿ ನೋಡುವ ಅಭ್ಯಾಸ

ದೌಲತಾಬಾದ್ ಕೋಟೆ ಹತ್ತಿದವರೆಲ್ಲ ಅದರ ಕಾವಲಿನ ಏರ್ಪಾಡಿಗೆ ಬೆರಗಾಗುತ್ತಾರೆ. ಗೋಡೆಯಂತೆ ಕಡಿದಾಗಿ ಕೆತ್ತಿದ ಬಂಡೆ, ಅದರ ಬುಡದಲ್ಲಿ ಕೊರೆದ ಕಂದಕ, ಒಳಹೋಗಲು ಒಂದೇ ದಾರಿ, ಆಮೇಲೆ ಕಗ್ಗತ್ತಲೆಯ ಸುರಂಗ. ಕನ್ನಡದಲ್ಲೂ ನೂರಾರು ಶಾಸನ ಬರೆಸಿದ ಸೇವುಣರಿಗೆ ಇದೇ ರಾಜಧಾನಿ, ಅಂದಿನ ದೇವಗಿರಿ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದಾಗ ಸೇವುಣರ ಅರಸ ರಾಮಚಂದ್ರದೇವ ಕೋಟೆ ಸೇರಿದ. ಅವಸರದಲ್ಲಿ ವರ್ತಕರ ಮೂಟೆಗಳನ್ನು ಧಾನ್ಯವೆಂದು ಒಳಗೆ ಸಾಗಿಸಿದ್ದರು. ಬಿಚ್ಚಿದಾಗ ಸಿಕ್ಕಿದ್ದು ಉಪ್ಪು ಎಂದು ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಅರಸ ಶರಣಾಗಬೇಕಾಯಿತು.

ನಮ್ಮ ಕೆಲಸಗಳ ಪಟ್ಟಿಗಳೂ ಹೀಗೇ ಬಿಚ್ಚದೆ ಬಿದ್ದಿರುತ್ತವೆ. ಫೋನಿನಲ್ಲಿ ಎರಡು ಮೂರು ಆ್ಯಪ್, ಮೇಜಿನ ಮೇಲೆ ಡೈರಿ, ಫ್ರಿಜ್ಜಿನ ಬಾಗಿಲಿಗೆ ಚೀಟಿ, ವಾಟ್ಸ್ಆ್ಯಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಸಂದೇಶ. ಬರೆದಿಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿ ಮತ್ತೆ ಅತ್ತ ತಿರುಗಿಯೂ ನೋಡುವುದಿಲ್ಲ. 2001ರಲ್ಲಿ ಬಂದ ಡೇವಿಡ್ ಆಲನ್ ಅವರ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಪುಸ್ತಕ ಪಟ್ಟಿಗಳನ್ನೆಲ್ಲ ವಾರಕ್ಕೊಮ್ಮೆ ತಿರುವಿ ನೋಡಲೇಬೇಕು ಎನ್ನುತ್ತದೆ. ಪಟ್ಟಿ ಉದ್ದವಾದಷ್ಟೂ ಮೊದಲು ತಪ್ಪುವುದು ಆ ನೋಟವೇ.

ಇದಕ್ಕೆ ಉತ್ತರವೂ ಅದೇ ಕೋಟೆಯಲ್ಲಿದೆ. 16ನೇ ಶತಮಾನದಲ್ಲಿ, ನಿಜಾಮಶಾಹಿಯ ಕಾಲಕ್ಕೆ, ದತ್ತಭಕ್ತರಾದ ಜನಾರ್ದನ ಸ್ವಾಮಿಗಳು ಇಲ್ಲಿ ಕಿಲ್ಲೇದಾರರಾಗಿದ್ದರು. ಪೈಠಣದಿಂದ ಬಂದು ಅವರ ಶಿಷ್ಯನಾದ ಏಕನಾಥ ಕಚೇರಿಯ ಲೆಕ್ಕವನ್ನೂ ನೋಡುತ್ತಿದ್ದ. ಒಂದು ರಾತ್ರಿ ಲೆಕ್ಕ ತಾಳೆಯಾಗಲಿಲ್ಲ. ಒಂದೇ ಒಂದು ಕಾಸಿನ ವ್ಯತ್ಯಾಸ. ದೀಪದ ಮುಂದೆ ಕೂತು ಸರಿರಾತ್ರಿ ಮೀರುವವರೆಗೂ ಹುಡುಕಿದ. ತಪ್ಪು ಸಿಕ್ಕಾಗ ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿದನಂತೆ. ಒಂದು ಕಾಸಿನ ತಪ್ಪು ಸಿಕ್ಕಿದ್ದಕ್ಕೇ ಇಷ್ಟು ಆನಂದವಾದರೆ ಬಾಳಿನ ತಪ್ಪು ಸಿಕ್ಕಾಗ ಎಷ್ಟಾದೀತು ಎಂದು ಗುರುಗಳು ಕೇಳಿದರೆಂಬುದು ಸಂತರ ಕಥೆ.

ಕೀರ್ತನಕಾರರು ಈ ಕಥೆಯಲ್ಲಿ ಏಕಾಗ್ರತೆಯನ್ನು ಕೊಂಡಾಡುತ್ತಾರೆ. ನನಗೆ ಅಷ್ಟೇ ಮುಖ್ಯವಾಗಿ ಕಾಣುವುದು ಲೆಕ್ಕದ ಪುಸ್ತಕ. ಒಬ್ಬ ಹುಡುಗ ಒಂದು ರಾತ್ರಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸುವಷ್ಟೇ ಅದು ಇದ್ದಿರಬೇಕು. ಹತ್ತು ಕಡೆ ಹರಡಿದ್ದರೆ ಆ ಕಾಸು ಸಿಗುತ್ತಿರಲಿಲ್ಲ. ಒಂದೇ ಬಾರಿ ಕೂತು ಪೂರ್ತಿ ನೋಡಲು ಆಗುವಂಥದ್ದೇ ಸರಳ ಏರ್ಪಾಡು. ನಾನು ಬಲ್ಲ ಅಳತೆ ಇದೊಂದೇ.

ಇದಕ್ಕೆ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ದಿನಕ್ಕೊಂದು ಪುಟ, ಮೇಲೆ ತಾರೀಖು. ಬರೀ ‘ಎಲ್‌ಐಸಿ’ ಎಂದು ಗೀಚಬೇಡಿ, ‘ಎಲ್‌ಐಸಿ ಕಂತು ಕಟ್ಟಬೇಕು’ ಎಂದು ಬರೆಯಿರಿ. ಮಾಡಬೇಕಾದದ್ದು ಏನೆಂದು ಸಾಲೇ ಹೇಳಬೇಕು. ರಾತ್ರಿ ಊಟಕ್ಕೆ ಮೊದಲು ಕೂತು ಆದದ್ದಕ್ಕೆ ಗೆರೆ ಎಳೆಯಿರಿ, ಉಳಿದದ್ದನ್ನು ನಾಳೆಯ ಪುಟಕ್ಕೆ ಕೈಯಾರೆ ಇಳಿಸಿ. ಕೈಯಾರೆ ಎಂಬುದೇ ಇಲ್ಲಿ ಮುಖ್ಯ. ‘ಅಟ್ಟ ಗುಡಿಸಬೇಕು’ ಎಂದು ನಾಲ್ಕನೆಯ ದಿನವೂ ಬರೆಯುವಾಗ ಬೇಸರ ಬರುತ್ತದೆ. ಒಂದೋ ಎದ್ದು ಗುಡಿಸುತ್ತೀರಿ, ಇಲ್ಲವೇ ಈ ತಿಂಗಳು ಬೇಡವೆಂದು ಬಿಡುತ್ತೀರಿ. ಎರಡೂ ಒಳ್ಳೆಯ ತೀರ್ಮಾನಗಳೇ. ಆ್ಯಪ್‌ನಲ್ಲಾದರೆ ಬಾಕಿ ಕೆಲಸ ಸದ್ದಿಲ್ಲದೆ ಅಲ್ಲೇ ಉಳಿದಿರುತ್ತದೆ, ನಮಗೆ ಬೇಸರವೇ ಆಗುವುದಿಲ್ಲ. ಡಾಕ್ಟರ ಬಳಿ ಹೋಗಬೇಕಾದ ಹೊತ್ತು, ರೈಲಿನ ಹೊತ್ತು ಇಂಥವಕ್ಕೆ ಫೋನಿನ ಅಲಾರಂ ಇರಲಿ. ಅದರ ಕೆಲಸ ಅದು ಚೆನ್ನಾಗಿ ಮಾಡುತ್ತದೆ.

ಹೊಸ ಆ್ಯಪ್ ಹಾಕಿಕೊಳ್ಳುವ ಮನಸ್ಸಾದರೆ ಒಂದು ದಿನ ತಡೆಯಿರಿ. ಇರುವ ಪಟ್ಟಿಗಳನ್ನೆಲ್ಲ ಇವತ್ತು ರಾತ್ರಿ ಮುಂದಿಟ್ಟುಕೊಂಡು ಓದಿ. ಅರ್ಧ ಗಂಟೆಯಲ್ಲಿ ಮುಗಿಯದಿದ್ದರೆ ನಿಮಗೆ ಬೇಕಾದದ್ದು ಇನ್ನೊಂದು ಪಟ್ಟಿಯಲ್ಲ. ಇರುವುದರಲ್ಲಿ ಅರ್ಧವನ್ನು ಇಂದೇ ಹೊಡೆದುಹಾಕಿ.