ಆಜಮನ ಕಡೆಯಿಂದ ‘ತುಘಲಕ್’

ಗಿರೀಶ ಕಾರ್ನಾಡರ ‘ತುಘಲಕ್’ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸುಲ್ತಾನನಿಂದಲೇ ಶುರುಮಾಡುತ್ತಾರೆ. ಸಹಜವೇ. 1964ರ ಈ ನಾಟಕದ ಬಗ್ಗೆ ಕನಸುಗಾರ ದೊರೆ, ನೆಹರೂ ಯುಗದ ಭ್ರಮನಿರಸನ ಎಂಬ ಎರಡು ಮಾತು ಹೇಳದೆ ಪರೀಕ್ಷೆಯ ಉತ್ತರವೂ ಮುಗಿಯುವುದಿಲ್ಲ. ಬಿ.ಎ. ಓದುವಾಗ ನಾನೂ ಅದನ್ನೇ ಬರೆದು ಅಂಕ ಗಿಟ್ಟಿಸಿದವನು. ಆದರೆ ಅದೇ ವರ್ಷ ಕಾಲೇಜಿನ ನಾಟಕದಲ್ಲಿ ನನ್ನ ಪಾಲಿಗೆ ಬಂದದ್ದು ಆಜಮನ ಪಾತ್ರ. ಜೇಬುಗಳ್ಳ ಆಜಮ್, ಅಗಸ ಅಜೀಜನ ಹಳೆಯ ಗೆಳೆಯ. ಆ ಮೂಲೆಯಲ್ಲಿ ನಿಂತು ನೋಡಿದ ನಾಟಕ ಬೇರೆಯದೇ ಆಗಿತ್ತು.

ಸುಲ್ತಾನನ ಪಾತ್ರಕ್ಕೆ ಪೈಪೋಟಿ ಇತ್ತು. ಸಿ. ಆರ್. ಸಿಂಹ ಅವರ ತುಘಲಕನನ್ನು ಕಂಡಿದ್ದ ಮೇಷ್ಟ್ರೊಬ್ಬರು ಆ ಗತ್ತನ್ನು ನಡೆದು ತೋರಿಸುತ್ತಿದ್ದರು, ಹುಡುಗರು ಅವರ ಹಿಂದೆ ಹಿಂದೆ ನಡೆಯುತ್ತಿದ್ದರು. ಆಜಮನಿಗೆ ಯಾರೂ ಕೈಯೆತ್ತಲಿಲ್ಲ. ತಾಲೀಮು ಕೊನೆಯ ಪೀರಿಯಡ್ ಮುಗಿದ ಮೇಲೆ, ಬೆಂಚುಗಳನ್ನು ಗೋಡೆಗೆ ಒತ್ತರಿಸಿದ ಕ್ಲಾಸಿನಲ್ಲಿ. ವಾಚ್‌ಮನ್ ಬೀಗದ ಕೈ ಗೊಂಚಲು ಅಲ್ಲಾಡಿಸುವ ತನಕ. ಆಮೇಲೆ ಬೈಟು ಟೀ, ಒಂದು ಪೊಟ್ಟಣ ಮಂಡಕ್ಕಿಗೆ ಹತ್ತು ಕೈ. ಆ ಸಂಜೆಗಳ ಸುಖ ಹೇಳಲು ಕೂತರೆ ನಾಟಕದ ಮಾತು ಹಿಂದೆ ಬೀಳುತ್ತದೆ.

ನಮ್ಮ ಸಭಾಂಗಣದಲ್ಲಿ ಎರಡು ಪರದೆಗಳಿದ್ದವು. ಹಿಂದಿನ ಪರದೆಯ ಆಚೆ ಸಿಂಹಾಸನ, ಅಂದರೆ ಪ್ರಿನ್ಸಿಪಾಲರ ಕೋಣೆಯ ಕುರ್ಚಿಗೆ ಹೊದಿಸಿದ ಜರಿ ಸೀರೆ. ಅಜೀಜ್-ಆಜಮರ ದೃಶ್ಯಗಳು ಮುಂದಿನ ಕಿರಿದಾದ ಜಾಗದಲ್ಲಿ. ನಾವಿಬ್ಬರು ಅಲ್ಲಿ ನಗಿಸುತ್ತಿದ್ದರೆ ಹಿಂದೆ ಗೆಳೆಯರು ಕುರ್ಚಿ, ಮೇಜು ಎಳೆಯುತ್ತಿದ್ದರು. ಆ ಸದ್ದು ಮುಚ್ಚುವಷ್ಟು ಜೋರಾಗಿ ಮಾತಾಡಬೇಕು ಎಂಬುದೇ ನಮಗಿದ್ದ ನಿರ್ದೇಶನ. ಇದು ಕಾಲೇಜಿನ ಬಡತನದ ಉಪಾಯ ಎಂದುಕೊಂಡಿದ್ದೆ. ಎಷ್ಟೋ ದಿನಗಳ ಮೇಲೆ ಕಾರ್ನಾಡರ ಬರಹದಲ್ಲಿ ಓದಿದೆ: ಪಾರ್ಸಿ ರಂಗಭೂಮಿಯಲ್ಲಿ ರಾಜರಾಣಿಯರ ಗಂಭೀರ ದೃಶ್ಯಗಳು ರಂಗದ ಆಳದಲ್ಲಿ, ಹಾಸ್ಯದ ದೃಶ್ಯಗಳು ಪರದೆಯ ಮುಂದೆ ನಡೆಯುತ್ತಿದ್ದವು, ಹಿಂದೆ ಸಜ್ಜು ಬದಲಾಗುವವರೆಗೆ ಮುಂದೆ ನಗಿಸುವುದು. ಆ ವಿಂಗಡಣೆಯನ್ನು ಕೈಗೆತ್ತಿಕೊಂಡೇ ಅವರು ‘ತುಘಲಕ್’ ಕಟ್ಟಿದ್ದಾರೆ, ಕಟ್ಟುತ್ತಾ ಅದನ್ನು ಒಡೆದಿದ್ದಾರೆ.

ಒಡೆಯುವ ಮೊದಲ ಸದ್ದು ದೌಲತಾಬಾದಿನ ದಾರಿಯ ದೃಶ್ಯದಲ್ಲಿ ಕೇಳುತ್ತದೆ. ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ಹೆಂಗಸು ವೈದ್ಯರ ಬಳಿ ಹೋಗಲು ಬಿಡಿ ಎಂದು ಬೇಡುತ್ತಾಳೆ. ಅಜೀಜ್ ದುಡ್ಡು ಕೇಳುತ್ತಾನೆ. ಪ್ರದರ್ಶನದ ದಿನ ನಮ್ಮ ಮುಖ ಕಂಡಕೂಡಲೇ ಸಭೆ ನಗಲು ತಯಾರಾಗಿ ಕೂತಿತ್ತು, ಅಜೀಜನ ಮೊದಲ ಮಾತಿಗೆ ನಕ್ಕೂಬಿಟ್ಟಿತು. ಆಮೇಲೆ ಆ ನಗು ಸಾಲುಸಾಲಾಗಿ ಆರಿಹೋದದ್ದು ರಂಗದ ಮೇಲಿಂದ ನನಗೆ ಕೇಳಿಸಿತು. ಹೋಗಲಿ ಬಿಡೋ ಎಂದು ಅವಳ ಪರ ಮಾತಾಡುವವನು ಆಜಮ್ ಒಬ್ಬನೇ. ಆ ಮಾತಿನಿಂದ ಏನೂ ಬದಲಾಗುವುದಿಲ್ಲ. ಕ್ಲಾಸಿನಲ್ಲಿ ಈ ದೃಶ್ಯವನ್ನು ‘ಆಡಳಿತದ ಭ್ರಷ್ಟತೆ’ ಎಂದು ಒಂದು ಸಾಲಿನಲ್ಲಿ ದಾಟಿದ್ದೆವು. ಸುಲ್ತಾನನ ಆದರ್ಶಕ್ಕೆ ಬೆಲೆ ತೆರುವವರು ಕಣ್ಣೆದುರು ನಿಲ್ಲುವ ಜಾಗ ಅದು. ಅವರನ್ನು ಕಂಡು ಮರುಗಲು ನಾಟಕಕಾರರು ಆರಿಸಿದ್ದು ಒಬ್ಬ ಜೇಬುಗಳ್ಳನನ್ನು. ದೊಡ್ಡ ಮಾತುಗಳೆಲ್ಲ ಸುಲ್ತಾನನ ಬಾಯಲ್ಲಿವೆ, ಕನಿಕರ ಮಾತ್ರ ಇವನ ಬಾಯಲ್ಲಿ.

ಹಾಗಾಗಿ ಅಜೀಜ್ ಸುಲ್ತಾನನ ವಿಕೃತ ಪ್ರತಿಬಿಂಬ ಎಂಬ, ಎಲ್ಲರೂ ಒಪ್ಪಿರುವ ಮಾತು ನನಗೆ ಅರ್ಧವೆನಿಸುತ್ತದೆ. ಕಡೆಯ ದೃಶ್ಯದಲ್ಲಿ ಅಜೀಜ್ ಪರದೆ ದಾಟಿ ಆಳಕ್ಕೆ ಹೋಗುತ್ತಾನೆ, ಸುಲ್ತಾನನ ಎದುರು ನಿಂತು ವಾದಿಸಿ ಗೆಲ್ಲುತ್ತಾನೆ. ಶಿಕ್ಷೆಯ ಬದಲು ದಖ್ಖನಿನ ಸೈನ್ಯದಲ್ಲಿ ಅಧಿಕಾರವನ್ನೇ ಪಡೆಯುತ್ತಾನೆ. ಆಳುವವನೂ ಮೋಸಗಾರನೂ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವ ಆ ಹೊತ್ತಿಗೆ ಆಜಮ್ ಇರುವುದಿಲ್ಲ. ಹೆದರಿ ಓಡಿಹೋದವನು ಸತ್ತಿರುತ್ತಾನೆ, ಅದೂ ರಂಗದಾಚೆ. ಇಲ್ಲಿ ಕಾರ್ನಾಡರ ಮೇಲೆ ನನ್ನದೊಂದು ತಕರಾರಿದೆ. ಆ ಭೇಟಿಗೆ ಅಜೀಜ್ ಒಬ್ಬನೇ ಬೇಕಿತ್ತು, ಅದಕ್ಕೇ ಆಜಮನನ್ನು ಅವಸರದಲ್ಲಿ ದಾರಿಯಿಂದ ಸರಿಸಿದ ಹಾಗಿದೆ. ಮಾಡಿದವನಿಗೆ ಇದು ಚುಚ್ಚುತ್ತದೆ. ಅವಸರ ಬೇಕೆಂದೇ ಮಾಡಿದ್ದು, ಕನಿಕರವುಳ್ಳವನ ಸಾವು ಆ ರಾಜ್ಯದಲ್ಲಿ ಅಷ್ಟೇ ಸುದ್ದಿ ಎಂದು ನನ್ನ ಅಜೀಜ್ ವಾದಿಸುತ್ತಿದ್ದ. ಈಗ ಅವನು ಬ್ಯಾಂಕಿನಲ್ಲಿದ್ದಾನೆ, ಫೋನ್ ಮಾಡಿದಾಗಲೆಲ್ಲ ಈ ಜಗಳ ಮುಂದುವರಿಯುತ್ತದೆ.

ನಾಟಕವನ್ನು ಪಠ್ಯವಾಗಿ ಓದುತ್ತಿರುವವರು ಒಮ್ಮೆ ಏಳನೆಯ ದೃಶ್ಯವನ್ನು ಇಬ್ಬರು ಸೇರಿ ಗಟ್ಟಿಯಾಗಿ ಓದಿ ನೋಡಿ. ಮೂರನೆಯವರು ಹಿಂದೆ ಒಂದು ಬೆಂಚು ಎಳೆಯುತ್ತಿರಲಿ.