ಮಡಿ ಬಿಟ್ಟ ಮೇಲಿನ ಭಕ್ತಿ

ಲಕ್ಷ್ಮೀಬಾಯಿ ಟಿಳಕರ ಮರಾಠಿ ಆತ್ಮಕಥೆ ‘ಸ್ಮೃತಿಚಿತ್ರೆ’ (1934–37) ಭಾಂಡುಪಿನಂಥ ಕಡೆ ಮರಾಠಿಯ ನೆರೆಯಲ್ಲೇ ಬಾಳುವ ನಾವು ಓದಲೇಬೇಕಾದ ಕೃತಿ. ಉಪ್ಪನ್ನೂ ತೊಳೆಸುತ್ತಿದ್ದ ತಂದೆಯ ಮಗಳು ಆಕೆ. ಪತಿ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದಾಗ ಸಂಸಾರವೇ ಒಡೆಯಿತು; 1900ರಲ್ಲಿ ಆಕೆಯೂ ದೀಕ್ಷೆ ಪಡೆದರು. ಆದರೆ ಕೃತಿಯ ಜೀವಾಳ ಮತಾಂತರವಲ್ಲ. ಜಾತಿ ಮನುಷ್ಯನ ಸೃಷ್ಟಿಯೆಂದು ಹೊಳೆದು, ಯಾರ ಕೈಯ ನೀರನ್ನಾದರೂ ಕುಡಿಯಲು ಆಕೆಯ ಮನಸ್ಸು ಒಪ್ಪಿದ ಬಗೆ. ಅಲ್ಲಿ ಉಪದೇಶವಿಲ್ಲ, ತನ್ನನ್ನೇ ನೋಡಿ ನಗುವ ಮಗುವಿನ ಧಾಟಿಯಿದೆ. ಈ ಧಾಟಿಯೇ ಆಕೆಯ ಶ್ರದ್ಧೆಯೂ ಹೌದೆಂದು ನನ್ನ ಅನಿಸಿಕೆ.

ಚರ್ಚಿನ ಕಟ್ಟಳೆಯೂ ಇನ್ನೊಂದು ಮಡಿಯಾದೀತೆಂಬುದನ್ನು ಟಿಳಕರು ಬಲ್ಲರು. 1917ರಲ್ಲಿ ಮಿಷನ್ನಿನ ಸಂಬಳ ಬಿಟ್ಟು (ನಮ್ಮಂಥ ಗುಮಾಸ್ತರಿಗೆ ಎದೆ ನಡುಗಿಸುವ ಮಾತು!) ದೀಕ್ಷೆ ಪಡೆದವರೂ ಪಡೆಯದವರೂ ಕೂಡುವ ‘ದೇವಾಚಾ ದರಬಾರ’ ಕಟ್ಟಿದರು. 1919ರಲ್ಲಿ ತೀರಿಕೊಂಡರು.